ಉತ್ತರ ಬರುವಷ್ಟರಲ್ಲಿ

ನಾದಿನಿ ಬರೆದುಕೊಟ್ಟ ಪತ್ರದಲ್ಲಿದ್ದ ಹೆಂಗಸು ಯಾರೆಂದು ಅವಳಿಗೆ ಗುರುತು ಹತ್ತಲಿಲ್ಲ. ಆ ಹೆಂಗಸು ಸವಾಲುಗಳನ್ನು ಪ್ರೀತಿಸುತ್ತಿದ್ದಳು. ಯಾವ ತಂಡಕ್ಕೆ ಹಾಕಿದರೂ ಹಾಲಿಗೆ ಹಾಕಿದ ಸಕ್ಕರೆಯಂತೆ ಕರಗಿಹೋಗುತ್ತಿದ್ದಳು. ರೋಗಿಗಳ ಮಾತನ್ನು ತಾಳ್ಮೆಯಿಂದ ಆಲಿಸುವುದು ಅವಳಿಗೆ ಚಿಕ್ಕಂದಿನಿಂದಲೇ ಬಂದ ಗುಣವಾಗಿತ್ತು. ಹಳೆಯ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ, ರಕ್ತದ ಸ್ಯಾಂಪಲ್ ಚೀಲವನ್ನು ಮೊಣಕಾಲಿಗೆ ಆನಿಸಿ, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಅವಳು ಆ ಹಾಳೆಯನ್ನು ಮತ್ತೊಮ್ಮೆ ಓದಿದಳು. ಓದಿದಷ್ಟೂ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಆ ಹೆಂಗಸಿಗೆ ಮಂಡಿನೋವಿದ್ದಂತಿರಲಿಲ್ಲ. ನೆನ್ನೆ ತೆಗೆದ ಸ್ಯಾಂಪಲ್ ಕೆಟ್ಟುಹೋಯಿತೆಂದು ಇವತ್ತು ಅದೇ ಮನೆಯ ಮೆಟ್ಟಿಲು ಮತ್ತೆ ಹತ್ತುವ ಗತಿ ಅವಳಿಗೆ ಬರುತ್ತಲೂ ಇರಲಿಲ್ಲ. ರಾತ್ರಿ ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದಿಟ್ಟುಕೊಂಡು ನಾದಿನಿ ಪಟಪಟ ಬಡಿಯುತ್ತಿದ್ದಾಗ, ಇಷ್ಟೆಲ್ಲ ಸುಳ್ಳು ಯಾಕೆ ಎಂದು ಇವಳು ಗೊಣಗಿದ್ದಳು. ಸುಳ್ಳಲ್ಲ ಅತ್ತಿಗೆ, ಎಂದು ನಾದಿನಿ ಕಣ್ಣೆತ್ತದೆ ಹೇಳಿದ್ದಳು, ಅರ್ಜಿ ಅಂದ್ರೆ ಫೋಟೋ ತೆಗೆಸಿಕೊಂಡ ಹಾಗೆ, ಅಡುಗೆಮನೆ ಬಟ್ಟೇಲಿ ಹೋಗಿ ಯಾರೂ ನಿಲ್ಲಲ್ಲ. ಆ ಮಾತಿಗೆ ಇವಳಿಗೂ ನಗು ಬಂದಿತ್ತು. ನಾದಿನಿಗೆ ಕಚೇರಿಯ ಭಾಷೆ ಚೆನ್ನಾಗಿ ಗೊತ್ತು. ಅವಳು ಮನೆಯ ನಲ್ಲಿ ರಿಪೇರಿಯವನಿಗೆ ಕಳಿಸುವ ಸಂದೇಶದಲ್ಲೂ 'ತಮ್ಮ ಶೀಘ್ರ ಸ್ಪಂದನೆಯನ್ನು ನಿರೀಕ್ಷಿಸುತ್ತಾ' ಎಂದೇ ಇರುತ್ತದೆ. ನಲ್ಲಿಯವನು ಬರುತ್ತಾನೆ ಕೂಡ.

ಅರ್ಜಿ ಇವತ್ತು ಸಂಜೆಯೊಳಗೆ ದೊಡ್ಡಾಸ್ಪತ್ರೆಯ ಕಚೇರಿ ಕಿಟಕಿಗೆ ತಲುಪಬೇಕು. ಇವತ್ತು ತಪ್ಪಿದರೆ ಮುಂದಿನ ವರ್ಷ ಎನ್ನುವಂತಿಲ್ಲ, ಏಕೆಂದರೆ ಮುಂದಿನ ವರ್ಷಕ್ಕೆ ಅವಳು ವಯಸ್ಸಿನ ಮಿತಿ ದಾಟಿರುತ್ತಾಳೆ. ಪ್ರಮಾಣಪತ್ರಗಳು, ಅನುಭವದ ಚೀಟಿ, ಫೋಟೋ ಎಲ್ಲ ಲಕೋಟೆಯೊಳಗೆ ತಯಾರಾಗಿದ್ದವು. ಜೊತೆಗಿಡಬೇಕಾದ ಪತ್ರವೊಂದೇ ಬಾಕಿ. ಅದೂ ಸಾಮಾನ್ಯ ಪತ್ರವಲ್ಲ. ಆಸ್ಪತ್ರೆಯವರು ಪ್ರಕಟಣೆಯ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದರು: ಈ ವಿಭಾಗಕ್ಕೆ ಅದೇ ರೋಗಿಗಳು ವಾರವಾರ ಬರುತ್ತಾರೆ, ತಿಂಗಳುಗಟ್ಟಲೆ ಬರುತ್ತಾರೆ, ಅಂಥವರಿಂದ ನೀವು ರಕ್ತ ತೆಗೆಯುವುದು ಹೇಗೆ ಎಂಬುದನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಯಾರೋ ಕೆಲಸ ಬಲ್ಲವರೇ ಸೇರಿಸಿದ ಸಾಲು ಅದು. ಅವಳಿಗೆ ಆ ಕೆಲಸ ಬೇಕಿತ್ತು, ಹಸಿವಾದವರಿಗೆ ಅನ್ನ ಬೇಕಾದಷ್ಟೇ ನೇರವಾಗಿ ಬೇಕಿತ್ತು. ಇಷ್ಟು ವರ್ಷ ಅವಳು ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತಂದಿದ್ದಾಳೆ. ಬೆಲ್ ಒತ್ತಿದರೆ ಒಳಗಿನಿಂದ, ಬ್ಲಡ್‌ನವರು ಬಂದ್ರು ನೋಡಿ, ಎಂಬ ಕೂಗು. ಕೆಲವು ಮನೆಗಳಲ್ಲಿ ಬರೀ ರಕ್ತದವಳು. ಅವಳು ಕಾಣುವವರೆಲ್ಲ ಖಾಲಿ ಹೊಟ್ಟೆಯಲ್ಲಿರುತ್ತಾರೆ, ಆದ್ದರಿಂದ ಲೋಕದಲ್ಲಿ ಎಲ್ಲರೂ ಬೆಳಿಗ್ಗೆ ಸಿಡಿಮಿಡಿ ಎನ್ನುವುದೇ ಅವಳ ಅನುಭವ. ಚುಚ್ಚಿ, ತುಂಬಿ, ಲೇಬಲ್ ಅಂಟಿಸಿ ಹೊರಟರೆ ಆಯಿತು. ವರದಿ ಅವರವರ ಫೋನಿಗೆ ಹೋಗುತ್ತದೆ. ಆ ದಪ್ಪ ಹುಡುಗಿಗೆ ರಕ್ತ ಹೆಚ್ಚಾಯಿತೇ, ಮೂಲೆಮನೆಯ ಮೇಷ್ಟ್ರ ಸಕ್ಕರೆ ಇಳಿಯಿತೇ, ಒಂದೂ ತಿಳಿಯುವುದಿಲ್ಲ. ಯಾರ ಕಥೆಯೂ ಅವಳ ಕೈಯಲ್ಲಿ ಮೊದಲ ಪುಟ ದಾಟಿದ್ದಿಲ್ಲ. ಎರಡನೆಯ ಸಲ ಕಾಣುವ ಮುಖ ಬೇಕಾಗಿತ್ತು ಅವಳಿಗೆ. ಆದರೆ ಎರಡನೆಯ ಸಲ ಕಂಡ ಮುಖದೆದುರು ಏನು ಮಾಡುವುದೆಂದು ಅವಳಿಗೆ ತಿಳಿಯದು. ಏಕೆಂದರೆ ಅವಳ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ.

ಆ ಪ್ರಶ್ನೆ ಸುಮ್ಮನೆ ಸಿಕ್ಕಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಎಲ್ಲವನ್ನೂ ಕೇಳಿನೋಡಿದ್ದಳು. ತಿಂಡಿ ಆಯ್ತಾ ಎಂದು ಬಾಯಿತಪ್ಪಿ ಕೇಳಿ, ನೀವೇ ತಿನ್ನಬೇಡಿ ಅಂದಿದ್ದಲ್ವಾ ಎಂದು ಉಗಿಸಿಕೊಂಡಿದ್ದಳು. ಮಕ್ಕಳೆಷ್ಟು ಎಂದು ಕೇಳಿದರೆ ಕೆಲವರು ಅತ್ತುಬಿಡುತ್ತಿದ್ದರು. ಯಾವ ಊರು ಎಂದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಹೇಳಿ ಮುಗಿಸಿ ಮತ್ತೆ ಸೂಜಿಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಒಂದು ದಿನ ತೋಚಿದ್ದು ಇದು: ನೀವು ಹುಟ್ಟಿ ಬೆಳೆದ ಮೊದಲನೇ ಮನೆ ಇತ್ತಲ್ಲ, ಅದರ ಮುಂಬಾಗಿಲ ಬಣ್ಣ ಯಾವುದು? ಇದಕ್ಕೆ ಯಾರ ಬಳಿಯೂ ಸಿದ್ಧ ಉತ್ತರವಿರುವುದಿಲ್ಲ. ಹೇಳಬೇಕಾದರೆ ಅಷ್ಟು ದೂರ ನಡೆದುಹೋಗಬೇಕು, ಬೀದಿ ತಿರುಗಬೇಕು, ಮನೆಯೆದುರು ನಿಂತು ನೋಡಬೇಕು. ಸರಕಾರಿ ನೌಕರರು, ಮಿಠಾಯಿ ಅಂಗಡಿಯವರು, ಬಸುರಿಯರು, ಬಾಯಿ ಬಿಟ್ಟರೆ ಬೈಯುವ ಮುದುಕರು, ಎಲ್ಲರ ಕಣ್ಣೂ ಒಂದೇ ರೀತಿ ಮೇಲಕ್ಕೆ ಹೋಗಿ ಎಲ್ಲೋ ನಿಲ್ಲುತ್ತಿತ್ತು. ಅವರು ಆ ಬಾಗಿಲಿನ ಮುಂದೆ ನಿಂತಿರುವಾಗ ಇಲ್ಲಿ ಅವಳು ಕೆಲಸ ಮುಗಿಸಿಬಿಡುತ್ತಿದ್ದಳು. ಅಯ್ಯೋ, ಆಗೇ ಹೋಯ್ತಾ ಎಂದು ಅವರು ಬೆರಗಾಗುವಾಗ ಅವಳಿಗೆ ಒಳಗೊಳಗೇ ಒಂದು ಹೆಮ್ಮೆ. ಜಾದೂಗಾರನ ಹೆಮ್ಮೆ. ಉತ್ತರ ಬರುವಷ್ಟರಲ್ಲಿ ಅವಳು ಟ್ಯೂಬುಗಳನ್ನು ಮೆಲ್ಲಗೆ ತಿರುಗಿಸುತ್ತ ಹೆಸರು, ವಯಸ್ಸು ಬರೆಯುತ್ತಿರುತ್ತಿದ್ದಳು. ಹೌದಾ, ಒಳ್ಳೇದು, ಇಲ್ಲಿ ಹತ್ತಿ ಒತ್ತಿ ಹಿಡ್ಕೊಳ್ಳಿ. ಅಷ್ಟೇ.

ಉಳಿದ ಮೆಟ್ಟಿಲು ಹತ್ತಿ ಬೆಲ್ ಒತ್ತಿದಾಗ, ಬಾಗಿಲು ತೆಗೆದ ಅಜ್ಜಿ ಅವಳನ್ನು ಕಂಡು ಒಳಕ್ಕೆ ತಿರುಗಿ, ಬಂದ್ರು ನೋಡಿ, ನೆನ್ನೆ ತಗೊಂಡಿದ್ದು ಸಾಲಲಿಲ್ಲವಂತೆ, ಎಂದಳು. ಅಜ್ಜನನ್ನು ಆ ಬೀದಿಯಲ್ಲಿ ಎಲ್ಲರೂ ಪೇಂಟರ್ ಎನ್ನುತ್ತಾರೆ. ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಬಿಟ್ಟು ಬಹಳ ಕಾಲವಾದರೂ ಉಗುರಿನ ಬುಡಗಳಲ್ಲಿ ಇನ್ನೂ ಏನೋ ಬಿಳಿಯದು ಉಳಿದಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ನೆನ್ನೆ ಕೂತಿದ್ದ ಹಾಗೆಯೇ, ತೋಳು ಮಡಿಸಿಕೊಂಡು ಕೂತಿದ್ದ. ಹಾಗೇ ಎದ್ದುಹೋಗದೆ ಇಪ್ಪತ್ತನಾಲ್ಕು ಗಂಟೆ ಕೂತೇ ಇದ್ದನೇನೋ ಎನಿಸುವಂತೆ. ಅವಳು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಕ್ಷಮೆಯ ಮಾತುಗಳನ್ನು ಬಿಚ್ಚಿದಳು: ಒಮ್ಮೊಮ್ಮೆ ಹಾಗಾಗುತ್ತದೆ, ದಾರಿಯಲ್ಲಿ ರಕ್ತದ ಕಣಗಳು ಒಡೆದುಬಿಡುತ್ತವೆ, ಲ್ಯಾಬಿನವರು ತಿರಸ್ಕರಿಸುತ್ತಾರೆ. ದಾರಿಯಲ್ಲಿ ಎಂದದ್ದು ಅವಳ ಕಿವಿಗೇ ಟೊಳ್ಳಾಗಿ ಕೇಳಿಸಿತು. ದಾರಿಯಲ್ಲಿ ಒಡೆದದ್ದಲ್ಲ. ನೆನ್ನೆ ಮುಂದಿನ ಮನೆಯವರು ಎರಡೆರಡು ಸಲ ಫೋನು ಮಾಡಿದ್ದರು, ಅಜ್ಜನ ನರ ಜಾರುವ ನರ, ಸಿಕ್ಕ ತಕ್ಷಣ ಅವಳು ಸಿರಿಂಜನ್ನು ಅವಸರದಲ್ಲಿ ಜಗ್ಗಿ ಎಳೆದಿದ್ದಳು. ಹಾಗೆ ಎಳೆದರೆ ಕೆಡುತ್ತದೆಂದು ಮೊದಲ ವಾರದಲ್ಲೇ ಕಲಿಸಿರುತ್ತಾರೆ. ಬೆಳಿಗ್ಗೆ ಮೇಲ್ವಿಚಾರಕ ಫೋನಿನಲ್ಲಿ, ಏನು ಮೇಡಂ, ಇಷ್ಟು ಸೀನಿಯರ್ ಆಗಿ, ಎಂದಷ್ಟೇ ಹೇಳಿ ಮಾತು ನಿಲ್ಲಿಸಿದ್ದ. ಬೈದಿದ್ದರೆ ವಾಸಿಯಿತ್ತು. ಅಜ್ಜಿ, ಎರಡು ದಿನ ಕಾಫಿ ಇಲ್ಲದೆ ಇವರು ನನ್ನ ಜೀವ ತಿಂದ್ರು, ಇವತ್ತಾದರೂ ಸರಿಯಾಗಿ ತಗೊಳ್ಳಮ್ಮ, ಎಂದು ಒಳಗೆ ಹೋಗಿ ಪಾತ್ರೆಗಳ ಸದ್ದು ಮಾಡತೊಡಗಿದಳು.

ಅವಳು ಮೊಣಕಾಲೂರಿ ಕೂತು, ರಬ್ಬರ್ ಪಟ್ಟಿ ಬಿಗಿದು, ನರ ತಡವಿ, ಸೂಜಿಯ ಮುಚ್ಚಳ ತೆಗೆದಳು. ತುಟಿ ತನ್ನಷ್ಟಕ್ಕೆ ತಾನೇ ಕೇಳಿತು: ಅಜ್ಜ, ನೀವು ಹುಟ್ಟಿ ಬೆಳೆದ ಮೊದಲನೇ ಮನೆ ಇತ್ತಲ್ಲ, ಅದರ ಮುಂಬಾಗಿಲ ಬಣ್ಣ...

"ನೆನ್ನೆ ಹೇಳಿದೆನಲ್ಲ," ಅಂದ ಅಜ್ಜ.

ಅವಳ ಕೈ ಅರ್ಧದಲ್ಲೇ ನಿಂತಿತು. ಅಜ್ಜನ ಕಣ್ಣು ಎಲ್ಲಿಗೂ ಹೋಗಿರಲಿಲ್ಲ. ಅವಳ ಮುಖದ ಮೇಲೇ ಇತ್ತು. ಕೋಪವಿರಲಿಲ್ಲ ಅದರಲ್ಲಿ. ಗೋಡೆಯ ಮೇಲೆ ತೇವ ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕುವವನ ನೋಟ. "ಅಷ್ಟುದ್ದ ಹೇಳಿದೆ. ಈ ವಯಸ್ಸಲ್ಲಿ ಬಾಗಿಲ ಬಣ್ಣ ಯಾರು ಕೇಳ್ತಾರೆ, ಅದೂ ನನ್ನನ್ನ! ರಾತ್ರಿ ನಿದ್ದೆ ಬರಲಿಲ್ಲ, ಇನ್ನೂ ಒಂದಷ್ಟು ನೆನಪಾಯ್ತು, ನಾಳೆ ಬಂದಾಗ ಹೇಳೋಣ ಅಂತಿದ್ದೆ. ನೀವು ಏನೂ ಕೇಳಿಸ್ಕೊಂಡೇ ಇಲ್ಲ, ಅಲ್ವಾಮ್ಮ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಅಜ್ಜಿ ಕಿವಿಗೊಟ್ಟಿದ್ದಾಳೆ ಎನ್ನುವುದು ಗೊತ್ತಾಯಿತು. ಏನಾದರೂ ಹೇಳಬೇಕು. ಇಲ್ಲ ಅಜ್ಜ, ಕೇಳಿಸಿಕೊಂಡಿದ್ದೆ, ನೀಲಿ ಅಲ್ಲವೇ, ಎನ್ನಬಹುದು. ಬಾಗಿಲು ಎಂದರೆ ನೀಲಿಯೋ ಹಸುರೋ ಕಂದೋ, ಮೂರರಲ್ಲಿ ಒಂದು ತಾಗಿದರೂ ತಾಗೀತು. ಚೀಲದ ಹೊರಜೇಬಿನಿಂದ ಆ ಹಾಳೆಯ ಮೂಲೆ ಇಣುಕುತ್ತಿತ್ತು. ರೋಗಿಗಳ ಮಾತನ್ನು ತಾಳ್ಮೆಯಿಂದ ಆಲಿಸುವ ಹೆಂಗಸು ಅಲ್ಲಿ ಮಡಿಕೆಯೊಳಗೆ ಆರಾಮಾಗಿ ಕೂತಿದ್ದಾಳೆ, ಅವಳಿಗೆ ಇಂಥ ಪ್ರಶ್ನೆಗಳು ಬರುವುದಿಲ್ಲ. ಹಿಂದೊಮ್ಮೆ ಅಮ್ಮ ಮಲಗಿದ್ದ ಆಸ್ಪತ್ರೆಯ ಕೋಣೆಯಲ್ಲೂ ಕಿಟಕಿ ಎಡಕ್ಕಿತ್ತು, ಅಮ್ಮನ ಕೈ ಹೀಗೇ ದಿಂಬಿನ ಮೇಲೆ ಚಾಚಿತ್ತು. ಇಬ್ಬರು ನರ್ಸುಗಳು ಸೋತು, ನಿಮ್ಮ ಕೈಲಿ ಆಗುತ್ತಾ ನೋಡಿ ಸಿಸ್ಟರ್, ಎಂದು ಇವಳಿಗೆ ತಟ್ಟೆ ಕೊಟ್ಟಿದ್ದರು. ಅಮ್ಮ, ನನ್ನ ಮಗಳಿದ್ದಾಳೆ ಬಿಡಿ, ಅವಳಿಗೆ ನರಗಳೆಲ್ಲ ಹೇಳಿದ ಮಾತು ಕೇಳ್ತವೆ, ಎಂದು ಎಲ್ಲರೆದುರು ಬೀಗಿದ್ದಳು. ಮಗಳೂ ಬೀಗಿ, ಎಲ್ಲರೆದುರು ತನ್ನ ಜಾದೂ ತೋರಿಸಿದ್ದಳು. ಅಮ್ಮ, ನೀನು ಹುಟ್ಟಿ ಬೆಳೆದ ಮೊದಲನೇ ಮನೆ ಇತ್ತಲ್ಲ. ಅಮ್ಮನ ಕಣ್ಣು ಮೇಲೆ ಹೋಯಿತು. ಒಂದೇ ಸಲಕ್ಕೆ ಸಿಕ್ಕಿತು. ನರ್ಸುಗಳು ಹುಬ್ಬೇರಿಸಿದರು. ಇವಳು ಲೇಬಲ್ಲಿನ ಮೇಲೆ ಅಮ್ಮನ ಹೆಸರು ಬರೆಯುತ್ತಿದ್ದಳು, ಬರೆಯುವಾಗ ಒಂದು ಕ್ಷಣ ಅದು ಯಾರೋ ರೋಗಿಯ ಹೆಸರಾಗಿತ್ತು, ಮತ್ತು ಹಿಂದೆ ಎಲ್ಲೋ ಅಮ್ಮನ ತುಟಿ ಅಲುಗುತ್ತಿತ್ತು. ಮೆಲ್ಲಗೆ, ಬಹಳ ಹೊತ್ತು ಅಲುಗುತ್ತಿತ್ತು. ಹೌದಾ, ಒಳ್ಳೇದು, ಹತ್ತಿ ಒತ್ತಿ ಹಿಡ್ಕೋ. ಆಮೇಲೆ ಆ ಪ್ರಶ್ನೆಯನ್ನು ಮತ್ತೆ ಕೇಳಲು ಅಮ್ಮ ಸಿಗಲಿಲ್ಲ. ಚಿಕ್ಕಮ್ಮನನ್ನು ಕೇಳಿದ್ದಳು. ನಾನು ಹುಟ್ಟೋ ಹೊತ್ತಿಗೆ ಆ ಮನೆ ಬಿಟ್ಟಾಗಿತ್ತು ಕಣೇ, ಅದೆಲ್ಲ ನಿಮ್ಮಮ್ಮನಿಗೇ ಗೊತ್ತಿದ್ದದ್ದು, ಎಂದಿದ್ದಳು ಚಿಕ್ಕಮ್ಮ. ಆ ನಂತರವೂ ಇವಳು ಪ್ರಶ್ನೆಯನ್ನು ಬಿಡಲಿಲ್ಲ. ಮರುವಾರವೇ ಕೆಲಸಕ್ಕೆ ಹೋಗಿ ಅದನ್ನೇ ಕೇಳಿದಳು, ಏಕೆಂದರೆ ಅದು ಕೆಲಸಕ್ಕೆ ಬರುತ್ತಿತ್ತು.

"ಇಲ್ಲ ಅಜ್ಜ," ಅಂದಳು. "ಕೇಳಿಸ್ಕೊಳ್ಳಲಿಲ್ಲ. ನೀವು ಅತ್ತ ನೋಡಲಿ ಅಂತ ಕೇಳೋದು ಅದು."

ಅಜ್ಜ ಒಳಗಿನವಳಿಗೆ ಕೇಳುವಂತೆ, ನೋಡೇ, ನನ್ನ ಕಣ್ಣಿಗೆ ಮಣ್ಣೆರಚೋಕೆ ಬಾಗಿಲು ತಂದಿದ್ದಾರೆ, ಎಂದು ನಕ್ಕ. ನಗು ಮುಗಿದದ್ದೇ ತೋಳನ್ನು ಇನ್ನಷ್ಟು ಮುಂದಕ್ಕೆ ಚಾಚಿದ. "ನನಗೆ ಅತ್ತ ನೋಡೋ ಅಭ್ಯಾಸ ಇಲ್ಲ. ಏಣಿ ಮೇಲೆ ನಿಂತು ಅತ್ತ ನೋಡಿದವನು ಕೆಳಗಿರ್ತಾನೆ. ನಾನು ಇದನ್ನೇ ನೋಡ್ತೀನಿ. ನೀವು ನಿಮ್ಮ ಕೆಲಸ ಮಾಡಿ."

ಯಾರೂ ನೋಡದೆ ಇರುವಾಗ ಅವಳ ಕೈ ಎಷ್ಟು ನಿಪುಣವಾಗಿತ್ತೋ, ನೋಡುವ ಕಣ್ಣಿನೆದುರು ಅಷ್ಟೇ ಹೊಸದಾಯಿತು. ಇಷ್ಟು ವರ್ಷ ಅವಳು ಬೀಗ ಹಾಕಿದ ಮನೆಗಳಲ್ಲಿ ಕೆಲಸ ಮಾಡಿ ಬರುತ್ತಿದ್ದಳು, ಮನೆಯವರು ಇಲ್ಲದ ಹೊತ್ತು ನೋಡಿಕೊಂಡು. ಈಗ ಮನೆಯವನು ಎದುರಿಗೇ ಕೂತಿದ್ದಾನೆ. ಏನು ಮಾಡುವುದೆಂದು ತೋಚದೆ ಅವಳು ತಾನು ಮಾಡುವುದನ್ನೇ ಬಾಯಿಬಿಟ್ಟು ಹೇಳತೊಡಗಿದಳು. ಈಗ ಒರೆಸ್ತೀನಿ ಅಜ್ಜ, ತಣ್ಣಗಾಗುತ್ತೆ. ಒಣಗಲಿ, ಸ್ವಲ್ಪ ತಾಳಿ. ಈಗ ಚುಚ್ತೀನಿ. ಚುಚ್ಚಿದಳು. ನರ ಬೆರಳಿನಡಿಯಿಂದ ಮೀನಿನಂತೆ ಜಾರಿತು. ಬೇರೆ ದಿನವಾಗಿದ್ದರೆ ಒಳಗೊಳಗೇ ಸೂಜಿ ತಿರುಗಿಸಿ ಹುಡುಕುತ್ತಿದ್ದಳು, ಕೇಳಿದರೆ, ಆಗ್ತಾ ಇದೆ, ಇನ್ನೇನು ಆಯ್ತು, ಎನ್ನುತ್ತಿದ್ದಳು. ಅಜ್ಜ ಸೂಜಿಯನ್ನೂ ಖಾಲಿ ಸಿರಿಂಜನ್ನೂ ನೋಡುತ್ತಿದ್ದ. ಸುಳ್ಳು ಹೇಳಲು ಜಾಗವೇ ಇರಲಿಲ್ಲ.

"ಸಿಗಲಿಲ್ಲ ಅಜ್ಜ. ತೆಗೆದುಬಿಡ್ತೀನಿ."

"ಕಂಡೆ," ಅಂದ ಅಜ್ಜ. "ಆ ಕೈ ಯಾವಾಗಲೂ ಮೊಂಡು. ಈ ಕೈ ನೋಡಿ."

ಬೈಗುಳ ಬರುತ್ತದೆಂದು ಕುತ್ತಿಗೆ ಒಳಕ್ಕೆಳೆದುಕೊಂಡವಳಿಗೆ ಅದು ಬಾರದೆ ಏನೋ ಎಡವಿದಂತಾಯಿತು. ಸಿಗಲಿಲ್ಲ ಎಂಬ ಮಾತು ಇಷ್ಟು ಚಿಕ್ಕದೇ? ಅದನ್ನು ಹೇಳಬಾರದೆಂದು ಅವಳು ಎಷ್ಟು ಸರ್ಕಸ್ ಮಾಡಿದ್ದಾಳೆ. ಅವಳು ಕುರ್ಚಿಯ ಇನ್ನೊಂದು ಬದಿಗೆ ಮಂಡಿ ಸರಿಸಿಕೊಂಡಳು. ಮಂಡಿ ಚುರ್ರೆಂದಿತು. ಮಂಡಿನಾ, ಎಂದು ಅಜ್ಜ ಕೇಳಿದ. ಮಂಡಿ, ಎಂದಳು. ಏಣಿ ಹತ್ತಿದವರಿಗೂ ಅದೇ ಬಹುಮಾನ, ಎಂದ ಅಜ್ಜ. ಬಲಗೈಯ ಹಿಂಬದಿಯಲ್ಲಿ ತೆಳ್ಳಗಿನ ನರವೊಂದು ಇತ್ತು. ಪಟ್ಟಿಯನ್ನು ಈ ತೋಳಿಗೆ ಬಿಗಿದು, ಚಿಕ್ಕ ಸೂಜಿ ತೆಗೆದಳು. ಇದು ಸ್ವಲ್ಪ ಜಾಸ್ತಿ ಉರಿಯುತ್ತೆ, ನಿಧಾನಕ್ಕೆ ತುಂಬುತ್ತೆ, ಎಂದು ಮೊದಲೇ ಹೇಳಿದಳು. ಚುಚ್ಚಿದಳು. ಕೊಳವೆಯಲ್ಲಿ ಕೆಂಪು ಕಾಣಿಸಿಕೊಂಡಾಗ ಇಬ್ಬರೂ ಒಟ್ಟಿಗೇ ನೋಡಿದರು. ಬಂತು, ಎಂದ ಅಜ್ಜ, ತಾನೇ ತೆಗೆದ ಹಾಗೆ. ಅವಳು ಎಳೆಯಲಿಲ್ಲ. ಬರುವಷ್ಟು ಬರಲಿ ಎಂದು ಕಾದಳು. ಚೀಲದೊಳಗೆ ಫೋನು ಗುಂಯ್‌ಗುಟ್ಟಿತು, ಮುಂದಿನ ಮನೆಯವರು. ಗುಂಯ್‌ಗುಟ್ಟಿ ಸುಮ್ಮನಾಯಿತು.

ಹಾಗೆ ಕಾಯುತ್ತಿರುವಾಗ ಅಜ್ಜ ಯಾರೂ ಕೇಳದೆಯೇ ಹೇಳಿದ. ಅಪ್ಪ ಎಲ್ಲೋ ಉಳಿದ ಬಣ್ಣದ ಡಬ್ಬಿಯೊಂದನ್ನು ತಂದಿದ್ದನಂತೆ, ಗಿಳಿಹಸುರು. ಬಾಗಿಲಿನ ಮೇಲಿನಿಂದ ಹಚ್ಚುತ್ತ ಬಂದು ಅರ್ಧಕ್ಕೆ ಮುಗಿದುಹೋಯಿತಂತೆ. ಕೆಳಗರ್ಧ ಬರೀ ಮರ. ಬೀದಿಯ ಮಕ್ಕಳೆಲ್ಲ ಅರ್ಧಬಾಗಿಲ ಮನೆಯವನು ಎಂದು ಕರೆಯುತ್ತಿದ್ದರಂತೆ.

"ಉಳಿದಿದ್ದು ಮುಂದಿನ ವರ್ಷ ಅಂದ್ರು ಅಪ್ಪ. ಮುಂದಿನ ವರ್ಷ ಆ ಮನೇಲಿ ನಾವೇ ಇರಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಬಿದ್ದೆನೋ ಏನೋ, ಅದನ್ನ ಮುಗಿಸೋಕೆ. ಈ ಊರಿನ ಬಾಗಿಲೆಲ್ಲ ಬಳಿದೆ. ಅದೊಂದು ಬಿಟ್ಟು." ಆಮೇಲೆ, "ಇದು ನೆನ್ನೆ ಹೇಳಿದ್ದು. ರಾತ್ರಿ ನೆನಪಾಗಿದ್ದು ಬೇರೆ: ಆ ಮೇಲಿನರ್ಧಕ್ಕೆ ನನ್ನ ಕೈ ಎಟುಕ್ತಾನೇ ಇರಲಿಲ್ಲ. ನಾನು ತಟ್ಟಿದ್ದೆಲ್ಲ ಬಣ್ಣ ಇಲ್ಲದ ಕಡೆ."

ಅವಳು ಪಟ್ಟಿ ಸಡಿಲಿಸಿದಳು, ಸೂಜಿ ತೆಗೆದಳು, ಹತ್ತಿ ಒತ್ತಿದಳು. ಲೇಬಲ್ಲಿನತ್ತ ಹೋದ ಕೈಯನ್ನು ಹಿಂದಕ್ಕೆ ತಂದಳು. ಕೆಳಗರ್ಧ ಹೇಗಿತ್ತು ಅಜ್ಜ, ಒರಟಾ? ಅಜ್ಜ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡು, ಮಧ್ಯದಲ್ಲಿ ನುಣುಪು, ಎಲ್ಲರೂ ತಟ್ಟೀ ತಟ್ಟೀ, ಎಂದ. ಅದಾದ ಮೇಲೆಯೇ ಅವಳು ಹೆಸರು ಬರೆದಳು, ವಯಸ್ಸು ಕೇಳಿ ಬರೆದಳು. ಎರಡೂ ಒಟ್ಟಿಗೆ ಮಾಡಬೇಕಾಗಿಲ್ಲ ಎನ್ನುವುದು ಎಷ್ಟು ಸುಲಭದ ಸಂಗತಿ ಎಂದು ಅವಳಿಗೆ ನಾಚಿಕೆಯಾಯಿತು.

"ನಿಮ್ಮ ಮನೇದು ಯಾವ ಬಣ್ಣ?" ಎಂದ ಅಜ್ಜ.

ಲೋಕವನ್ನೆಲ್ಲ ಕೇಳಿದ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಹೋದಳು. ಬೀದಿ ತಿರುಗಿದಳು. ಅಲ್ಲಿ ಹಿಟ್ಟಿನ ಗಿರಣಿಯ ಸದ್ದು ಇತ್ತು, ನೆಲಕ್ಕೆ ಬೆಚ್ಚಗಿನ ವಾಸನೆ ಇತ್ತು, ಹೊಸ್ತಿಲು ಇತ್ತು, ಹೊಸ್ತಿಲಿನ ಆಚೆ ಅಮ್ಮನ ಬೆನ್ನು ಇತ್ತು. ಬಾಗಿಲು ಮಾತ್ರ ಕಾಣಲಿಲ್ಲ. ಎಷ್ಟು ಹುಡುಕಿದರೂ ಅದು ಒಳಗೋಡೆಗೆ ಒರಗಿಕೊಂಡು, ಒಂದು ಕಲ್ಲನ್ನು ಕಾಲಿಗೆ ಒತ್ತಿಸಿಕೊಂಡು, ಬೆನ್ನು ತೋರಿಸಿ ನಿಂತಿತ್ತು. ಗೊತ್ತಾಗ್ತಾ ಇಲ್ಲ ಅಜ್ಜ, ಯಾವಾಗಲೂ ತೆರೆದೇ ಇರ್ತಿತ್ತು, ಎಂದಳು. ಅಜ್ಜ ಖುಷಿಯಿಂದ ಅಜ್ಜಿಯನ್ನು ಕೂಗಿದ. ನೋಡೇ, ಈಗ ಇವರಿಗೆ ಯಾರು ಬಂದು ಚುಚ್ಚಿದ್ರೂ ಗೊತ್ತಾಗಲ್ಲ. ಅಜ್ಜಿ ಕಾಫಿಯ ಲೋಟಗಳೊಡನೆ ಬಂದಳು, ಇವಳಿಗೂ ಒಂದು. ಮುಂದಿನ ಮನೆಯವರು ಕಾಯ್ತಾ ಇದ್ದಾರೆ ಅಜ್ಜಿ, ಎನ್ನುವ ಮಾತು ಬಾಯಿಗೆ ಬಂದಿತ್ತು. ಕುಡಿದಳು. ಕುಡಿಯುತ್ತ, ಯಾಕೆಂದು ಗೊತ್ತಿಲ್ಲದೆ, ಅಮ್ಮನ ಬಾಗಿಲಿನದನ್ನೂ ಹೇಳಿಬಿಟ್ಟಳು. ಹೆಚ್ಚೇನಿಲ್ಲ. ಅಮ್ಮನನ್ನೂ ಕೇಳಿದ್ದೆ, ಅಮ್ಮ ಹೇಳಿದಳು, ನಾನು ಬರೀತಾ ಇದ್ದೆ. ಅಷ್ಟೇ. ನೀವು ಅಷ್ಟು ಬಾಗಿಲು ನೋಡಿದ್ದೀರಲ್ಲ, ಆಗಿನ ಕಾಲದ ಮನೆಗೆ ಯಾವ ಬಣ್ಣ ಇದ್ದಿರಬಹುದು?

ಅಜ್ಜ ಬಹಳ ಹೊತ್ತು ಯೋಚಿಸಿದ. ಹೇಳಿಯೇಬಿಡುತ್ತಾನೆ ಎಂದು ಅವಳು ಲೋಟವನ್ನು ಬಿಗಿಹಿಡಿದಳು. "ಹೇಳಬಹುದು ಏನೋ ಒಂದು," ಅಂದ. "ಬೇಡ. ಗೊತ್ತಿಲ್ಲದ ಬಾಗಿಲಿಗೆ ಬಣ್ಣ ಹಚ್ಚಬಾರದಮ್ಮ. ಹಾಗೇ ಇರಲಿ."

ಉಳಿದ ಮನೆಗಳಿಗೆ ಅವಳು ತಡವಾಗಿ ಹೋದಳು, ಎಲ್ಲರಿಂದಲೂ ಒಂದೊಂದು ಮಾತು ಕೇಳಿಸಿಕೊಂಡಳು. ಕೇಳಿಸಿಕೊಳ್ಳುವ ದಿನ ಇದು, ಎಂದುಕೊಂಡಳು. ಸ್ಯಾಂಪಲ್‌ಗಳನ್ನು ಲ್ಯಾಬಿಗೆ ಮುಟ್ಟಿಸಿದಾಗ ಮೇಲ್ವಿಚಾರಕ ಪೇಂಟರ್ ಅಜ್ಜನ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ, ಈಗ ಸರಿಯಿದೆ ಮೇಡಂ, ಎಂದ, ಮಗುವಿಗೆ ಲೆಕ್ಕ ಸರಿಬಂದಾಗ ಹೇಳುವಂತೆ. ಅವಳು ಅದನ್ನೂ ನುಂಗಿದಳು, ಅಷ್ಟು ಕಹಿ ಇರಲಿಲ್ಲ. ದೊಡ್ಡಾಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಬಿಳಿ ಹಾಳೆ ಕೊಂಡು, ಅಂಗಡಿಯವಳ ಅನುಮತಿ ಕೇಳಿ, ಮೂಲೆಯ ಎತ್ತರದ ಮೇಜಿಗೆ ನಿಂತಳು. ಯಂತ್ರ ಉಸಿರೆಳೆದು ಬಿಡುತ್ತಿತ್ತು, ಅದರ ಬೆಳಕು ಗೋಡೆಯ ಮೇಲೆ ಹೋಗಿ ಬರುತ್ತಿತ್ತು. ಅಷ್ಟರಲ್ಲಿ ನಾದಿನಿಯ ಫೋನು. ಕೊಟ್ರಾ ಅತ್ತಿಗೆ? ಇಲ್ಲ, ಬರೀತಾ ಇದೀನಿ. ಬರೀತಾ ಇದೀರಾ? ನಾನು ಬರೆದಿದ್ದೇನಾಯ್ತು? ಆ ದನಿಯಲ್ಲಿ ನೋವಿತ್ತು. ರಾತ್ರಿ ತೂಕಡಿಸುತ್ತ ಕೂತು ಬರೆದವಳು ಅವಳು. ಇವಳು ಮೊದಲ ಬಾರಿಗೆ ಅವಸರ ಮಾಡದೆ ಹೇಳಿದಳು: ಅದು ತುಂಬ ಚೆನ್ನಾಗಿದೆ ಕಣೇ, ಆ ಹೆಂಗಸಿಗೆ ಕೆಲಸ ಸಿಕ್ಕೇ ಸಿಗುತ್ತೆ. ಆದರೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಿ ನಿಲ್ಲಬೇಕಾದವಳು ನಾನಲ್ವಾ. ನಾದಿನಿ, ಮೇಲ್ಗಡೆ 'ಮಾನ್ಯರೇ' ಅಂತಾದ್ರೂ ಹಾಕಿ, ಎಂದಳು. ಹಾಕಿದೀನಿ, ಎಂದಳು ಇವಳು. ಅಕ್ಷರ ದುಂಡಗೆ ಬರೀರಿ, ಅರ್ಜೆಂಟ್ ಮಾಡಬೇಡಿ, ಎಂದಳು ನಾದಿನಿ.

ಬರೆದಳು. ನಾನು ಮನೆಮನೆಗೆ ಹೋಗಿ ರಕ್ತ ತೆಗೆಯುವವಳು. ರೋಗಿಯ ಗಮನವನ್ನು ಬೇರೆಡೆಗೆ ಸೆಳೆದು ಚುಚ್ಚುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಅದು ಒಬ್ಬರ ಹತ್ತಿರ ಒಂದು ಸಲ ನಡೆಯುತ್ತದೆ. ನಿಮ್ಮ ವಿಭಾಗಕ್ಕೆ ಎರಡನೆಯ ವಾರವೂ ಬರುವವರ ಹತ್ತಿರ ನಡೆಯುವುದಿಲ್ಲ, ನಡೆಸಬಾರದು. ಇಲ್ಲಿ ಪೆನ್ನು ನಿಂತಿತು. ನಡೆಸಬಾರದು ಎಂದದ್ದು ಪಾಠ ಹೇಳಿದಂತಾಯಿತೇ? ಹೊಡೆದುಹಾಕಬೇಕೆನಿಸಿತು. ಹೊಡೆದರೆ ಗಲೀಜಾಗುತ್ತದೆ. ಇರಲಿ. ಒರೆಸುವಾಗ ಒರೆಸುತ್ತೇನೆಂದು, ಚುಚ್ಚುವಾಗ ಚುಚ್ಚುತ್ತೇನೆಂದು ಹೇಳುತ್ತೇನೆ. ನೋಡುವವರು ನೋಡಲಿ, ನೋಡಲಾರದವರು ಅತ್ತ ತಿರುಗಲಿ, ಅದು ಅವರ ಇಷ್ಟ. ಸಿಗದಿದ್ದರೆ ಸಿಗಲಿಲ್ಲ ಎನ್ನುತ್ತೇನೆ. ಯಾವ ಕೈ ಮೊಂಡು, ಯಾವ ಕೈ ಮೆದು ಎನ್ನುವುದು ಅವರಿಗೇ ಹೆಚ್ಚು ಗೊತ್ತಿರುತ್ತದೆ, ಕೇಳಿ ತಿಳಿದುಕೊಂಡು ಮುಂದಿನ ವಾರಕ್ಕೆ ನೆನಪಿಡುತ್ತೇನೆ. ಅವಸರದಲ್ಲಿ ಎಳೆಯುವುದಿಲ್ಲ. ಏನನ್ನಾದರೂ ಕೇಳಿದರೆ ಉತ್ತರ ಮುಗಿಯುವ ತನಕ ಕೇಳಿ, ಆಮೇಲೆ ಲೇಬಲ್ ಬರೆಯುತ್ತೇನೆ. ಎರಡನ್ನೂ ಒಟ್ಟಿಗೆ ಮಾಡಿದರೆ ಒಂದು ಕೆಡುತ್ತದೆ. ಇನ್ನೂ ಏನಾದರೂ ಇರಬೇಕೆನಿಸಿತು, ತಮ್ಮ ವಿಶ್ವಾಸಿ ಎನ್ನುವ ಮುನ್ನ ಒಂದು ಎತ್ತರದ ಮಾತು. ಎತ್ತರದ ಮಾತು ಬರಲಿಲ್ಲ. ಮಂಡಿಯ ಬಗ್ಗೆ ಬರೆಯಲೇ ಎಂದುಕೊಂಡು ನಗು ಬಂತು. ಸಹಿ ಹಾಕಿದಳು. ಜೆರಾಕ್ಸ್ ಅಂಗಡಿಯವಳು, ಎಷ್ಟು ಪ್ರತಿ, ಎಂದಳು. ಪ್ರತಿ ಬೇಡ, ಇದೊಂದೇ ಸಾಕು, ಎಂದು ನಾದಿನಿಯ ಹಾಳೆಯನ್ನು ಮಡಿಸಿ ಚೀಲದ ಒಳಜೇಬಿಗೆ ಹಾಕಿಕೊಂಡಳು. ಎಸೆಯಲು ಮನಸ್ಸಾಗಲಿಲ್ಲ. ಆ ಹೆಂಗಸೂ ಜೊತೆಗಿರಲಿ, ಯಾವಾಗಲಾದರೂ ಹೊಂದಿಕೊಂಡಾರು ಇಬ್ಬರೂ.

ಕಚೇರಿ ಕಿಟಕಿ ಇನ್ನೂ ತೆರೆದಿತ್ತು. ಒಳಗಿದ್ದ ಗುಮಾಸ್ತೆ ಅರ್ಧ ಸೆರಗಿನಷ್ಟು ಉದ್ದದ ಶಾಲು ಹೊದ್ದು, ಬಂದ ಲಕೋಟೆಗಳ ರಾಶಿಯನ್ನು ಎಳೆದು ಜೋಡಿಸುತ್ತಿದ್ದಳು. ಇವಳದನ್ನೂ ತೆಗೆದುಕೊಂಡು ಒಂದೊಂದೇ ಹಾಳೆ ಎತ್ತಿ ನೋಡಿದಳು. ಕೈಬರಹದ ಪತ್ರ ಬಂದಾಗ ಬೆರಳು ನಿಂತಿತು. ಟೈಪ್ ಮಾಡಿಸಿಲ್ವಾ, ಎಲ್ಲರೂ ಮಾಡಿಸಿದ್ದಾರೆ, ಎಂದಳು. ಇಲ್ಲ ಮೇಡಂ, ನಿಮ್ಮದೇ ಮಾತಲ್ಲಿ ಅಂತ ಇತ್ತಲ್ಲ. ಗುಮಾಸ್ತೆ ಭುಜ ಕುಣಿಸಿ, ತಗೊಳ್ತಾರೋ ಇಲ್ವೋ ನನಗೆ ಗೊತ್ತಿಲ್ಲಪ್ಪ, ಎಂದಳು. ಆದರೂ ಇವಳ ಕೈ ಚೀಲದ ಒಳಜೇಬಿಗೆ, ನಾದಿನಿಯ ಹಾಳೆಗೆ ಹೋಗಲಿಲ್ಲ. "ಇದನ್ನೇ ತಗೊಳ್ಳಿ," ಎಂದಳು, ತನಗೇ ಆಶ್ಚರ್ಯವಾಗುವಷ್ಟು ನೆಟ್ಟಗೆ. ಮೊಹರು ಬಿತ್ತು. ಸ್ವೀಕೃತಿ ಚೀಟಿ ಕಿಟಕಿಯ ಸೀಳಿನಿಂದ ಈಚೆ ಬಂತು.

ಮುಗಿಯಿತು. ಚೀಟಿಯನ್ನು ಜೇಬಿಗಿಟ್ಟು, ಹೆಲ್ಮೆಟ್ಟನ್ನು ತಲೆಯ ಅರ್ಧಕ್ಕೆ ಎತ್ತಿ, ಹೊರಡುವವರು ಆಡುವ ಹಾಗೆ ಒಂದು ಮಾತು ಎಸೆದಳು: ಇನ್ನೂ ಎಷ್ಟೊತ್ತು ಮೇಡಂ, ಮನೆಗೆ ಹೋಗೋದು? ಎಸೆದು ಅರ್ಧ ತಿರುಗಿಯೂ ಆಗಿತ್ತು. ಹಿಂದಿನಿಂದ ಗುಮಾಸ್ತೆ ನಿಟ್ಟುಸಿರುಬಿಟ್ಟು, "ಮನೆಗೆ ಹೋಗಿ ಏನು ಮಾಡೋದು ಹೇಳಿ," ಎಂದಳು. "ಬೆಳಿಗ್ಗೆ ನಮ್ಮ ಅಕ್ಕ ಏನಂದ್ಲು ಗೊತ್ತಾ..." ಎಂದು ಶುರುಮಾಡಿ, ಯಾರಿಗೆ ಹೇಳುತ್ತಿದ್ದೇನೆ ಎನ್ನುವ ಹಾಗೆ ಅಲ್ಲೇ ನಿಲ್ಲಿಸಿದಳು.

ಅವಳು ಹಿಂದಕ್ಕೆ ತಿರುಗಿದಳು. ಹೆಲ್ಮೆಟ್ಟನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ಏನಂದ್ಲು?" ಎಂದಳು.